ಮೊಳಕೆಯೂ ಆರೈಕೆಯೂ

ಒಳ್ಳೆಯತನ ಮಗುವಿನಲ್ಲಿ ಹುಟ್ಟಿನಿಂದಲೇ ಇರುತ್ತದೆಯೆ, ಇಲ್ಲವೆ ಮನೆ-ಶಾಲೆಗಳು ಅದನ್ನು ಹೊರಗಿನಿಂದ ತುಂಬಬೇಕೆ? ಮೌಲ್ಯಶಿಕ್ಷಣದ ಬುಡದಲ್ಲಿರುವ ಈ ಪ್ರಶ್ನೆಯನ್ನು ಪ್ರಾಚೀನ ಚೀನಾದ ಕನ್‌ಫ್ಯೂಷಿಯಸ್ ಪರಂಪರೆ ಆಳವಾಗಿ ಚರ್ಚಿಸಿತು. ಕ್ರಿ.ಪೂ. 4ನೆಯ ಶತಮಾನದ ಮೆನ್ಶಿಯಸ್ ನೀಡಿದ ನಿದರ್ಶನ ಪ್ರಸಿದ್ಧವಾದುದು: ಬಾವಿಗೆ ಬೀಳಲಿರುವ ಕೂಸನ್ನು ಕಂಡರೆ ಯಾರ ಎದೆಯಾದರೂ ಝಲ್ಲೆನ್ನುತ್ತದೆ, ಆ ಕ್ಷಣದಲ್ಲಿ ಹೊಗಳಿಕೆಯ ಆಸೆಯಾಗಲಿ, ಹೆತ್ತವರ ಸ್ನೇಹದ ಲೆಕ್ಕವಾಗಲಿ ಇರುವುದಿಲ್ಲ. ಆದರೆ ಈ ಮರುಕವನ್ನು ಆತನು ಸದ್ಗುಣವೆನ್ನಲಿಲ್ಲ. ಸದ್ಗುಣದ ಮೊಳಕೆ ಎಂದನು. ಅವನ ವಿಚಾರದ ತಿರುಳು ಈ ಭೇದದಲ್ಲಿದೆ.

ಅನಂತರ ಬಂದ ಶುನ್‌ಜಿ ಮನುಷ್ಯಸ್ವಭಾವವು ಕೆಟ್ಟದ್ದೆಂದೇ ವಾದಿಸಿದನು. ಡೊಂಕು ಮರವನ್ನು ಆವಿಗೊಡ್ಡಿ, ಒತ್ತಿ ನೇರಮಾಡುವಂತೆ ಶಿಕ್ಷಣವೆಂಬುದು ಅವನ ಮತ. ಗದ್ದಲದ ತರಗತಿಯಲ್ಲಿ ನಿಂತ ಶಿಕ್ಷಕರಿಗೆ ಶುನ್‌ಜಿಯೇ ಸರಿಯೆನಿಸಿದರೆ ಆಶ್ಚರ್ಯವಿಲ್ಲ! ಸಾಧನೆ ಬೇಕೆಂಬಲ್ಲಿ ಇಬ್ಬರೂ ಒಂದೇ. ಮಗುವನ್ನು ನೋಡುವ ಕಣ್ಣು ಮಾತ್ರ ಬೇರೆ.

ಮೆನ್ಶಿಯಸ್‌ನ ಮಾತನ್ನು ತಿಳಿಯಲು ಸೊಲ್ಲಾಪುರ ಸೀಮೆಯಲ್ಲೇ ನಿದರ್ಶನವಿದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳನ್ನು ಕಂಡ ಕಂದಲಗಾಂವ, ಅಕ್ಕಲಕೋಟೆಗಳ ಮಕ್ಕಳಿಗೆ ಸಿದ್ಧರಾಮೇಶ್ವರರ ಹೆಸರು ಹೊಸದಲ್ಲ. 12ನೆಯ ಶತಮಾನದ ಈ ವಚನಕಾರರ ಬಾಲ್ಯವನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಚಿತ್ರಿಸಿದೆ. ಮಾತು ಕಡಿಮೆಯಾದ ಹುಡುಗನನ್ನು ಸುತ್ತಲಿನವರು ಮಂದಮತಿಯೆಂದು ಎಣಿಸಿದ್ದರು. ಜಂಗಮರೂಪದಲ್ಲಿ ಮಲ್ಲಯ್ಯ ಹೊಲಕ್ಕೆ ಬಂದಾಗ ಅದೇ ಹುಡುಗ ತೆನೆ ಕೊಟ್ಟನು. ಅದು ಸಾಲದೆಂದಾಗ ಅನ್ನ ತರಲು ಮನೆಗೆ ಓಡಿದನು. ಮರಳುವಷ್ಟರಲ್ಲಿ ಅತಿಥಿ ಕಾಣದಿರಲು ಅಳುತ್ತ ಶ್ರೀಶೈಲದವರೆಗೆ ಅರಸಿ ಹೋದನು. ಯಾರೂ ಕಲಿಸದ ಈ ಮರುಕವು ಮುಂದೆ ಸೊನ್ನಲಿಗೆಯ ಕೆರೆ-ಗುಡಿಗಳ ದೀರ್ಘ ಕಾಯಕದಲ್ಲಿ ನಡತೆಯಾಗಿ ಬಲಿಯಿತು. ಅಲ್ಲಿಗೂ ಆರೈಕೆ ಮುಗಿಯಲಿಲ್ಲ. ಕೆರೆಯ ಕೆಲಸ ನಡೆದಿರುವಾಗ ಬಂದ ಅಲ್ಲಮಪ್ರಭು ಕಟುಮಾತಿನಿಂದ ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಒಳಿತು ಮಾಡುವವರಲ್ಲಿಯೂ ಸಿಟ್ಟು, ‘ನಾನು ಮಾಡಿದೆ’ ಎಂಬ ಭಾವ ಉಳಿದಿರಬಲ್ಲವು. ಕಲ್ಯಾಣದ ಪಯಣ ಅದರ ನಂತರದ್ದು.

ಆರೈಕೆಯೆಂದರೆ ಅವಸರವಲ್ಲ. ಸೋಂಗ್ ನಾಡಿನ ಒಬ್ಬ ರೈತನು ಸಸಿಗಳು ಬೇಗ ಬೆಳೆಯಲೆಂದು ಒಂದೊಂದನ್ನೇ ಮೇಲಕ್ಕೆಳೆದ ಕಥೆಯನ್ನು ಮೆನ್ಶಿಯಸ್ ಹೇಳುತ್ತಾನೆ. ಮಗ ಓಡಿಹೋಗಿ ನೋಡಿದಾಗ ಎಲ್ಲವೂ ಬಾಡಿದ್ದವು. ಕಳೆಯನ್ನೇ ಕೀಳದವನನ್ನೂ ಆತನು ಬಿಟ್ಟಿಲ್ಲ. ಹಿಂಗಾರಿ ಜೋಳದ ಎರೆಹೊಲ ಬಲ್ಲ ಮಕ್ಕಳಿಗೆ ಈ ಕಥೆ ಹೇಳಿ, ಎಡೆ ಹೊಡೆಯುವುದು ಯಾವಾಗ, ಏಕೆ ಎಂಬುದನ್ನು ಅವರಿಂದಲೇ ಹೇಳಿಸಬಹುದು. ಬಳಿಕ ಆ ಹುಡುಗ ಅನ್ನಕ್ಕಾಗಿ ಓಡಿದ್ದೇಕೆ ಎಂದು ಕೇಳಬೇಕು. ಉತ್ತರವನ್ನು ಶಿಕ್ಷಕರು ಮೊದಲೇ ಹಲಗೆಯ ಮೇಲೆ ಬರೆದಿಡಬಾರದು.