ಮೂರೇ ಮೂರು ಅಂಕ, ತಲೆ ಮೇಲೆ ಇಡೀ ಬೆಟ್ಟ

ಕಳೆದ ದೀಪಾವಳಿಗೆ ಗುಂಡ್ಲುಪೇಟೆಯ ಮನೆಗೆ ಹೋದಾಗ ಮಾವ ಕೇಳಿದ್ರು: ‘ವಯನಾಡಲ್ಲಿ ಬೆಟ್ಟ ಕೊರೀತಾವ್ರಂತಲ್ಲ ಮಗಾ, ಅದರೊಳಗ ಗಾಡಿ ಓಡ್ಸಿದ್ರ ಮೇಲಿಂದ ಕಲ್ಲು ಬೀಳಲ್ವಾ?’

ಮಾವ ಇಪ್ಪತ್ತು ವರ್ಷದಿಂದ ಇಲ್ಲಿನ ತರಕಾರಿಯನ್ನು ಕೋಯಿಕ್ಕೋಡ್‌ಗೆ ಸಾಗಿಸೋರು. ಹೆದ್ದಾರಿ 766, ರಾತ್ರಿ ಒಂಬತ್ತಕ್ಕೆ ಮುಚ್ಚುವ ಬಂಡೀಪುರದ ಗೇಟು, ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು ಎಲ್ಲ ಬಾಯಿಪಾಠ. ಆ ಘಾಟಿಗೆ ಬದಲಿ ದಾರಿಯಾಗಿ ಆನಕ್ಕಾಂಪೊಯಿಲ್‌ನಿಂದ ಮೇಪ್ಪಾಡಿ ಕಡೆಗೆ 8 ಕಿ.ಮೀ.ಗೂ ಉದ್ದದ ಜೋಡಿ ಸುರಂಗದ ಕೆಲಸ 2025ರ ಆಗಸ್ಟ್ 31ರಂದು ಶುರುವಾಯ್ತು. ಮೇಪ್ಪಾಡಿ ಅಂದ್ರೆ ಮಾವನಿಗೆ ನೆನಪಾಗೋದು 2024ರ ಜುಲೈ 30ರ ಚೂರಲ್‌ಮಲ ಭೂಕುಸಿತ. ಅವರ ಪ್ರಶ್ನೆ ಸುಮ್ಮನೆ ಬಂದದ್ದಲ್ಲ.

ನಾನು ಸುರಂಗದಲ್ಲಿ ಕೆಲಸ ಮಾಡುವ ಜಿಯಾಲಜಿಸ್ಟ್. ಆದ್ರೂ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕಂದ್ರೆ ನನಗೆ ಒಂದು ರಾತ್ರಿ ನೆನಪಾಯ್ತು.

ಅಪ್ಪನ ಸುತ್ತಿಗೆ

ಅಪ್ಪ ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ದುಡಿದವರು. ವ್ಯಾಪಾರದವರು ‘ಬ್ಲ್ಯಾಕ್ ಗ್ರಾನೈಟ್’ ಅನ್ನೋ ಆ ಕಲ್ಲು ನಿಜಕ್ಕೂ ಗ್ರಾನೈಟ್ ಅಲ್ಲ, ಡಾಲರೈಟ್. ಹಳೆಯ ಬಂಡೆಯ ಬಿರುಕಿಗೆ ಕೆಳಗಿಂದ ನುಗ್ಗಿದ ಶಿಲಾರಸ ಅಲ್ಲೇ ಗಟ್ಟಿಯಾದದ್ದು. ಅಪ್ಪನಿಗೆ ಈ ಹೆಸರೆಲ್ಲ ಬೇಕಿರಲಿಲ್ಲ. ಸುತ್ತಿಗೆಯಿಂದ ಬಂಡೆ ತಟ್ಟಿ ಕಿವಿಗೊಡ್ತಿದ್ರು. ‘ಟಣ್ ಅಂದ್ರ ಒಪ್ಪ. ಡಬ್ ಅಂದ್ರ ಒಳಗ ಬುಟ್ಕಂಡದ ಅಂತ. ಅದರ ಕೆಳಗ ನಿಂತ್ಕಬ್ಯಾಡ.’

2022ರ ಮಾರ್ಚ್‌ನಲ್ಲಿ ನಮ್ಮ ತಾಲ್ಲೂಕಿನ ಮಡಹಳ್ಳಿ ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಕಲ್ಲಿಗೂ ಮಾರ್ಕ್ಸ್ ಕಾರ್ಡ್

ಕಲ್ಲು ಎಷ್ಟು ಗಟ್ಟಿ ಅನ್ನೋದಕ್ಕಿಂತ ಅದರಲ್ಲಿ ಬಿರುಕು ಎಷ್ಟಿವೆ, ಹೇಗಿವೆ ಅನ್ನೋದೇ ಸುರಂಗಕ್ಕೆ ಮುಖ್ಯ. ಬೆಟ್ಟಕ್ಕೆ ಬೋರ್ ಹಾಕಿ ಉದ್ದನೆ ಕೋಲಿನಂಥ ಕಲ್ಲನ್ನು ಹೊರಗೆ ತೆಗೀತೀವಿ. ಒಂದು ಮೀಟರ್ ಕೊರೆದಾಗ 10 ಸೆಂ.ಮೀ.ಗಿಂತ ಉದ್ದದ ತುಂಡುಗಳ ಒಟ್ಟು ಉದ್ದ 75 ಸೆಂ.ಮೀ. ಬಂತು ಅನ್ನಿ, ಅದರ ಅಂಕ 75. ಇದಕ್ಕೆ ಆರ್‌ಕ್ಯೂಡಿ ಅಂತಾರೆ.

ಇದರ ಜೊತೆ ಕಲ್ಲಿನ ಬಲ, ಬಿರುಕುಗಳ ನಡುವಿನ ಅಂತರ, ಬಿರುಕಿನ ಮೈ ಒರಟೋ ನುಣುಪೋ, ನೀರು ಎಷ್ಟು ಅನ್ನೋದಕ್ಕೂ ಅಂಕ ಕೊಡ್ತೀವಿ. ಬಿರುಕುಗಳು ಸುರಂಗಕ್ಕೆ ಪ್ರತಿಕೂಲವಾದ ದಿಕ್ಕಿನಲ್ಲಿ ವಾಲಿದ್ದರೆ ಒಂದಿಷ್ಟು ಕಳೀತೀವಿ. ಕೂಡಿದರೆ ನೂರಕ್ಕೆ ಇಷ್ಟು ಅಂತ ಬರುತ್ತೆ. 1973ರಲ್ಲಿ ಬೀನಿಯಾವ್ಸ್ಕಿ ಅನ್ನೋ ಎಂಜಿನಿಯರ್ ಕೊಟ್ಟ ಈ ಲೆಕ್ಕಕ್ಕೆ ಆರ್‌ಎಂಆರ್ ಅಂತ ಹೆಸರು. 41ರಿಂದ 60 ಬಂದರೆ ಸಾಧಾರಣ ಬಂಡೆ, 21ರಿಂದ 40 ಬಂದರೆ ಕಳಪೆ.

ಹತ್ತು ಮೀಟರ್ ಅಗಲದ ಸುರಂಗದಲ್ಲಿ ಸಾಧಾರಣ ಬಂಡೆ ಸಿಕ್ಕರೆ ಛಾವಣಿಗೆ 5ರಿಂದ 10 ಸೆಂ.ಮೀ. ದಪ್ಪ ಕಾಂಕ್ರೀಟ್ ಸಿಂಪಡಿಸಿ, ಬೋಲ್ಟ್ ಹೊಡೆದು ಮುಂದೆ ಹೋಗಬಹುದು. ಕಳಪೆಯಾದ್ರೆ ಕಾಂಕ್ರೀಟ್ 10ರಿಂದ 15 ಸೆಂ.ಮೀ., ಬೋಲ್ಟ್ ಹತ್ತಿರ ಹತ್ತಿರ, ಮೇಲೆ ಉಕ್ಕಿನ ಕಮಾನು ಬೇರೆ. ಒಂದು ಸಲಕ್ಕೆ ಒಂದು, ಒಂದೂವರೆ ಮೀಟರ್ ಮಾತ್ರ ಕೊರೀಬೇಕು. ಅಂದ್ರೆ ದುಡ್ಡು ಜಾಸ್ತಿ, ವೇಗ ಕಮ್ಮಿ.

ಆ ರಾತ್ರಿ

ಹಿಮಾಲಯದ ಕಡೆ ಒಂದು ಹೆದ್ದಾರಿ ಸುರಂಗ. ನೈಟ್ ಶಿಫ್ಟ್. ಬ್ಲಾಸ್ಟ್ ಆದ್ಮೇಲೆ ಹೊಗೆ ಇಳಿದು, ಸಡಿಲ ಕಲ್ಲು ಉದುರಿಸಿ ಆಯ್ತು. ಹೆಡ್‌ಲ್ಯಾಂಪ್ ಬೆಳಕಲ್ಲಿ ಬಂಡೆಯ ಮುಖ ನೋಡಿ ಶೀಟ್ ತುಂಬಿದೆ. ಒಟ್ಟು 38.

ಸೀನಿಯರ್ ಶೀಟ್ ನೋಡಿದ್ರು. ‘ನೀರಿಗೆ ನಾಲ್ಕು ಯಾಕೆ? ನಿನ್ನೆ ಬರೀ ಒದ್ದೆ ಇತ್ತಲ್ಲ, ಏಳು ಹಾಕಿ.’ ಬಂಡೆ ಒದ್ದೆಯಾಗಿದ್ದರೆ 7, ನೀರು ತೊಟ್ಟಿಕ್ಕುತ್ತಿದ್ದರೆ 4. ವ್ಯತ್ಯಾಸ ಮೂರೇ ಅಂಕ. ಆದರೆ 38 ಹೋಗಿ 41 ಆಗುತ್ತೆ, ಕಳಪೆ ಬಂಡೆ ಕಾಗದದ ಮೇಲೆ ಸಾಧಾರಣ ಆಗುತ್ತೆ. ಕಮಾನು ಬೇಕಾಗಲ್ಲ, ಮಷಿನ್ ಕಾಯಬೇಕಾಗಲ್ಲ.

ಅವರು ಕೆಟ್ಟವರಲ್ಲ. ಮೇಲಿನವರಿಂದ ಅವರಿಗೂ ದಿನಾ ಫೋನ್ ಬರ್ತಿತ್ತು. ನನ್ನ ಕೆಲಸ ಇನ್ನೂ ಪ್ರೊಬೇಷನ್, ಮನೆ ಸಾಲದ ಕಂತು ಬೇರೆ. ‘ಹಾಕಿಬಿಡೋಣ’ ಅಂತ ನಿಜವಾಗ್ಲೂ ಅನ್ನಿಸ್ತು.

ಸಿಗ್ನಲ್ ಸಿಗೋ ತನಕ ಹೊರಗೆ ನಡೆದು ಅಪ್ಪನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದೂವರೆ. ಅಂಕ, ವರ್ಗ ಏನೂ ಹೇಳಲಿಲ್ಲ. ನೀರಿನ ವಿಷಯ ಅಷ್ಟೇ ಹೇಳಿದೆ.

‘ತೊಟ್ಟಿಕ್ತಾ ಅದಾ?’ ಅಂದ್ರು.

‘ಹೂಂ ಅಪ್ಪ.’

‘ಹಂಗಾದ್ರ ಹಂಗೇ ಬರಿ. ಅದರ ಕೆಳಗ ನಿಂತ್ಕಳೋರು ಅವರ್ಯಾರೂ ಅಲ್ವಲ್ಲ.’

ವಾಪಸ್ ಹೋಗಿ 4 ಅಂತಲೇ ಬಿಟ್ಟು ಸಹಿ ಹಾಕಿದೆ. ಬೆಳಗ್ಗೆ ಕಮಾನು ಬಂತು. ಆಮೇಲೆ ಗೋಡೆಯ ಗುರುತುಗಳ ನಡುವಿನ ಅಂತರವನ್ನು ದಿನಾ ಅಳೆದ್ವಿ. ಬೆಟ್ಟ ಮಿಲಿಮೀಟರ್ ಲೆಕ್ಕದಲ್ಲಿ ಒಳಕ್ಕೆ ಸರೀತಾ, ನಿಧಾನವಾಗಿ ನಿಂತಿತು. ಸೀನಿಯರ್ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಆ ಕಮಾನು ಇಲ್ಲದಿದ್ರೆ ಕುಸೀತಿತ್ತಾ? ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ. ನಮ್ಮ ಕೆಲಸ ಸರಿಯಾಗಿ ಆದ್ರೆ ತೋರಿಸೋಕೆ ಏನೂ ಉಳಿಯಲ್ಲ. ಸುದ್ದಿ ಆಗೋದು ಕುಸಿದಾಗ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಕೆಲಸಗಾರರ ಹಿಂದಿನ ಭಾಗ ಕುಸಿದು 41 ಜನ ಒಳಗೆ ಸಿಕ್ಕಿಕೊಂಡ್ರು. ಹದಿನೇಳನೇ ದಿನ ಎಲ್ಲರೂ ಜೀವಂತ ಹೊರಬಂದ್ರು. ಕೊರೆದು ಮುಂದೆ ಹೋದ ಮೇಲೂ ಹಿಂದಿನ ಭಾಗವನ್ನು ನೋಡ್ತಾನೇ ಇರಬೇಕು ಅನ್ನೋದನ್ನ ಅದು ನಮಗೆಲ್ಲ ಕಲಿಸ್ತು.

ಮಾವನಿಗೆ ಕೊಟ್ಟ ಉತ್ತರ

‘ಬೆಟ್ಟದ ಹೊಟ್ಟೆಯೊಳಗೆ ಗಟ್ಟಿ ಬಂಡೆ ಸಿಕ್ಕರೆ ಅಷ್ಟು ಭಯ ಇಲ್ಲ ಮಾವ’ ಅಂದೆ. ‘ಮಣ್ಣು, ಸಡಿಲ ಕಲ್ಲು ಇರೋದು ಸುರಂಗದ ಎರಡೂ ಬಾಯಿ ಹತ್ತಿರ, ಇಳಿಜಾರಿನ ಮೇಲೆ. ಮಳೆ ನೀರು ಇಳಿಯೋದೂ ಅಲ್ಲೇ. ಅಲ್ಲಿ ಹುಷಾರಾಗಿರಬೇಕು. ಉಳಿದದ್ದು, ಪ್ರತಿ ರಾತ್ರಿ ಶೀಟ್ ತುಂಬೋರು ಕಂಡದ್ದನ್ನೇ ಬರೀತಾರಾ ಅನ್ನೋದರ ಮೇಲೆ.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಪ್ಪನ ಕಡೆ ತಿರುಗಿ, ‘ಅಲ್ಲೂ ನಿನ್ನಂಥೋನ ಮಗಳು ಒಬ್ಬಳು ಇದ್ರ ಸಾಕು ಬುಡಪ್ಪ’ ಅಂದ್ರು.

ಅಪ್ಪ ಏನೂ ಹೇಳದೆ ಇನ್ನೊಂದು ಕಜ್ಜಾಯ ನನ್ನ ತಟ್ಟೆಗೆ ಹಾಕಿದ್ರು.