ಕಾಡಿನ ತೊಗಟೆ, ರಕ್ತದ ಪ್ರೋಟೀನು

ಹನ್ನೆರಡು ಕಿಲೋ ಒಣ ತೊಗಟೆ ಅರೆದು ಸೋಸಿದರೆ ಕೈಗೆ ಬಂದದ್ದು ಅರ್ಧ ಗ್ರಾಂ ಮದ್ದು. ಅಮೆರಿಕದ ಪಶ್ಚಿಮದ ಕಾಡುಗಳ ಪೆಸಿಫಿಕ್ ಯೂ ಮರದಿಂದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1960ರ ದಶಕದಲ್ಲಿ ಬೇರ್ಪಡಿಸಿದ ಪ್ಯಾಕ್ಲಿಟ್ಯಾಕ್ಸೆಲ್‌ನ ಲೆಕ್ಕ ಅದು: ಶೇಕಡಾ 0.004. ವಾನಿ ನಮ್ಮ ನೆರೆಯ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದವರು. ಅಣುವಿನ ರಚನೆ 1971ರಲ್ಲಿ ಪ್ರಕಟವಾಯಿತು, ಕ್ಯಾನ್ಸರ್ ಔಷಧವಾಗಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತಡಕ್ಕೆ ಕಾರಣ ಹಲವು. ಅವುಗಳಲ್ಲೊಂದು ಬಲು ಸರಳ: ಅದು ನೀರಿನಲ್ಲಿ ಕರಗುವುದಿಲ್ಲ.

ಒಂದು ಮಿಲಿಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂ ಕರಗುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಆಗ ಒಬ್ಬ ರೋಗಿಯ ಒಂದು ಸರದಿಗೆ ಬೇಕಾದ ಸುಮಾರು 400 ಮಿಲಿಗ್ರಾಂ ಕರಗಿಸಲು 400 ಲೀಟರ್ ನೀರು ಬೇಕು. ಅದನ್ನು ರಕ್ತನಾಳಕ್ಕೆ ಹನಿಸುವುದು ಹೇಗೆ? ಮೊದಲ ದಾರಿ ಹರಳೆಣ್ಣೆಯದು. ರಾಸಾಯನಿಕವಾಗಿ ಬದಲಿಸಿದ ಹರಳೆಣ್ಣೆ ಮತ್ತು ಆಲ್ಕೋಹಾಲಿನಲ್ಲಿ ಮದ್ದನ್ನು ಕರಗಿಸಿದರು. ಮದ್ದು ಕರಗಿತು, ಆದರೆ ಆ ದ್ರಾವಕಕ್ಕೇ ಕೆಲವರ ಮೈ ತೀವ್ರ ಅಲರ್ಜಿಯಿಂದ ಸಿಡಿದೇಳತೊಡಗಿತು. ಮುಂಚೆಯೇ ಸ್ಟಿರಾಯ್ಡ್ ಕೊಟ್ಟು, ಮೂರು ಗಂಟೆ ನಿಧಾನವಾಗಿ ಹನಿಸಬೇಕಾಯಿತು.

2005ರಲ್ಲಿ ಬಂದ ಅಬ್ರಾಕ್ಸೇನ್ ಎಂಬ ಅದೇ ಮದ್ದಿನ ಹೊಸ ರೂಪ ಈ ಎಣ್ಣೆಯನ್ನು ಕೈಬಿಟ್ಟು ನಮ್ಮದೇ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹಿಡಿಯಿತು. ಕರಗದ ಕೊಬ್ಬಿನಾಮ್ಲಗಳನ್ನು ಹೊತ್ತು ಮೈತುಂಬ ತಿರುಗುವುದು ಆ ಪ್ರೋಟೀನಿನ ದಿನನಿತ್ಯದ ಕೆಲಸ. ಕರಗದ ಮದ್ದನ್ನು ಹೊರಲು ಅದಕ್ಕಿಂತ ಅನುಭವಿ ಇನ್ನಾರಿದ್ದಾರೆ! ಒಂದು ಸೀಸೆಯಲ್ಲಿ 100 ಮಿಲಿಗ್ರಾಂ ಮದ್ದು, ಸುಮಾರು 900 ಮಿಲಿಗ್ರಾಂ ಆಲ್ಬುಮಿನ್. ಅಷ್ಟು ಆಲ್ಬುಮಿನ್ ಸುಮಾರು 20 ಮಿಲಿಲೀಟರ್ ಪ್ಲಾಸ್ಮಾದಲ್ಲೇ ಇರುತ್ತದೆ.

ಮದ್ದು ಮತ್ತು ಆಲ್ಬುಮಿನ್ ಸೇರಿ ಆದ ಕಣಗಳ ಸರಾಸರಿ ಅಗಲ 130 ನ್ಯಾನೊಮೀಟರ್. ಒಂದು ಕೆಂಪು ರಕ್ತಕಣದ ಅಡ್ಡಕ್ಕೆ ಇಂಥ ಐವತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಬ್ಯಾಕ್ಟೀರಿಯಾ ತಡೆಯುವ ಸೋಸುಕದ ರಂಧ್ರ 220 ನ್ಯಾನೊಮೀಟರ್. ಈ ಕಣಗಳು ಅದನ್ನು ದಾಟಿಹೋಗುವಷ್ಟು ಸಣ್ಣವು.

ಎಣಿಕೆಯ ವಿಚಾರಕ್ಕೆ ಬಂದರೆ ನನಗೆ ಕಾಗದ ಪೆನ್ಸಿಲ್ ಹಿಡಿಯದೆ ಸಮಾಧಾನವಿಲ್ಲ. ಆಲ್ಬುಮಿನ್ನನ್ನು ಬಿಟ್ಟು ಸೀಸೆಯ ಮದ್ದನ್ನಷ್ಟೇ ಆ ಗಾತ್ರದ ಗುಂಡುಗಳಾಗಿ ಒಡೆದರೂ ಸಂಖ್ಯೆ 60 ಲಕ್ಷ ಕೋಟಿ ಮೀರುತ್ತದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಇದ್ದದ್ದು ಸುಮಾರು 50 ಲಕ್ಷ ಕೋಟಿ ರೂಪಾಯಿ! ಹೊರಮೈಯ ಲೆಕ್ಕ ಇನ್ನೂ ಸೊಗಸು. ಅಷ್ಟೂ ಮದ್ದು ಒಂದೇ ಗುಂಡಾಗಿದ್ದರೆ ಹೊರಮೈ ಒಂದು ಚದರ ಸೆಂಟಿಮೀಟರಿಗೂ ಕಡಿಮೆ. ಒಡೆದಾಗ ಮೂರೂವರೆ ಚದರ ಮೀಟರ್, ಅಂದರೆ ಸುಮಾರು 40 ಸಾವಿರ ಪಟ್ಟು. ತೂಕ ಒಂದು ಮಿಲಿಗ್ರಾಮೂ ಹೆಚ್ಚಿಲ್ಲ. ರಕ್ತಕ್ಕೆ ಸೇರಿದೊಡನೆ ಕಣಗಳು ಬೇಗನೆ ಬಿಡಿಬಿಡಿಯಾಗಿ, ಮದ್ದು ಅಂಟಿದ ಆಲ್ಬುಮಿನ್ ಅಣುಗಳಾಗಿ ಚದುರಿಹೋಗುತ್ತವೆ.

ಹನಿಸುವ ಅವಧಿ ಮೂರು ಗಂಟೆಯಿಂದ ಅರ್ಧ ಗಂಟೆಗೆ ಇಳಿಯಿತು. 2005ರಲ್ಲೇ ಪ್ರಕಟವಾದ, ಹರಡಿದ ಸ್ತನ ಕ್ಯಾನ್ಸರಿನ 454 ರೋಗಿಗಳ ಪರೀಕ್ಷೆಯಲ್ಲಿ ಗಡ್ಡೆ ಕುಗ್ಗಿದವರು ಹೊಸ ಮದ್ದಿನಲ್ಲಿ ಶೇಕಡಾ 33, ಹಳೆಯದರಲ್ಲಿ 19. ಜಾಹೀರಾತುಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಎಣ್ಣೆ ಹೋದದ್ದರಿಂದ ಪ್ರತಿ ಸರದಿಯ ಮದ್ದನ್ನೂ ಹೆಚ್ಚಿಸಿದ್ದರು, ದೇಹದ ಚದರ ಮೀಟರಿಗೆ 175ರಿಂದ 260 ಮಿಲಿಗ್ರಾಂಗೆ. ನರಗಳ ತೀವ್ರ ತೊಂದರೆಯೂ ಶೇಕಡಾ 2ರಿಂದ 10ಕ್ಕೆ ಏರಿತು.