ಅಣೆಕಟ್ಟಿನ ಹೂಳಿನಲ್ಲಿ ಅಡಗಿದ ಲೋಹ

ಮುಂಗಾರಿಗೆ ಮೊದಲು ಕೊಳೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಕೊನೆಗಾರ ಸಿಕ್ಕಿದನೇ, ಮೈಲುತುತ್ತದ ಧಾರಣೆ ಎಷ್ಟಾಯಿತು ಎಂಬ ಚಿಂತೆಯೇ ನಮಗೆಲ್ಲ. ಹೊಡೆದ ತುತ್ತ ಆಮೇಲೆ ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ. ಆದರೆ ಬೇಸಗೆಯಲ್ಲಿ ಕೆರೆಯ ಗೋಡನ್ನು ತೋಟಕ್ಕೆ ಹೇರಿಸುವ ನಾವು ಇದನ್ನು ಕೇಳಲೇಬೇಕಾಗಿದೆ.

ನಮ್ಮ ಬೋರ್ಡೋ ದ್ರಾವಣಕ್ಕೆ ಹೆಸರು ಕೊಟ್ಟ ಬೋರ್ಡೋ ಪಟ್ಟಣವು ಫ್ರಾನ್ಸಿನ ಗರೋನ್ ನದಿಯ ದಂಡೆಯಲ್ಲಿದೆ. ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಈ ಮದ್ದನ್ನು ಪ್ರಕಟಿಸಿದ್ದು ಅಲ್ಲಿಂದಲೇ. ಗರೋನ್ ನದಿಯನ್ನು ಕೂಡುವ ಲಾಟ್ ಎಂಬ ಹೊಳೆಗೆ ವಿದ್ಯುತ್ತಿಗಾಗಿ ಸಾಲಾಗಿ ಅಣೆಕಟ್ಟುಗಳನ್ನು ಕಟ್ಟಿದ್ದಾರೆ. ಮೇಲ್ಗಡೆ ದೆಕಾಜ಼್‌ವಿಲ್ ಎಂಬಲ್ಲಿ ಸತುವಿನ ಅದಿರು ಕರಗಿಸುವ ಕಾರ್ಖಾನೆ ಇತ್ತು. ಅದರ ಕಸದ ದಿಬ್ಬಗಳಿಂದ ಇಳಿದ ಕ್ಯಾಡ್ಮಿಯಂ ಮತ್ತು ಸತು ಒಂದು ಸಣ್ಣ ಹಳ್ಳದ ಮೂಲಕ ಲಾಟ್ ಹೊಳೆಯನ್ನು ಸೇರಿದವು. 1987ರ ಹೊತ್ತಿಗೆ ಅದಿರಿನ ಕೆಲಸ ನಿಂತಿತು. ಆದರೆ ಲೋಹ ಹೋಗಲಿಲ್ಲ. ಅಣೆಕಟ್ಟುಗಳ ಹೂಳಿನಲ್ಲಿ ಪದರಪದರವಾಗಿ ಕುಳಿತಿತು. ವಿಜ್ಞಾನಿಗಳು ಕೊಳವೆ ಇಳಿಸಿ ಹೂಳನ್ನು ಮೇಲೆತ್ತಿ, ನಾವು ಮರದ ಉಂಗುರ ಎಣಿಸುವಂತೆ, ಯಾವ ಕಾಲದ ಪದರದಲ್ಲಿ ಎಷ್ಟು ಲೋಹವಿದೆಯೆಂದು ಲೆಕ್ಕ ಹಾಕಿದರು. ದೊಡ್ಡ ನೆರೆ ಬಂದಾಗ ಹಳೆಯ ಹೂಳು ಕದಡಿ ಕೆಳಕ್ಕೆ ಹರಿಯುತ್ತದೆ. ಬಹು ದೂರದ ಅಳಿವೆಯಲ್ಲಿನ ಸಿಂಪಿಗಳಲ್ಲಿಯೂ ಕ್ಯಾಡ್ಮಿಯಂ ಕಂಡುಬಂದು, ಅವು ತಿನ್ನಲು ಯೋಗ್ಯವಲ್ಲವೆಂದಾಯಿತು.

ಹೀಗಾಗುವುದೇಕೆ? ಲೋಹವು ನೀರಿನಲ್ಲಿ ಕರಗಿರುವುದಕ್ಕಿಂತ ನಯವಾದ ಜೇಡಿಗೆ, ಕೊಳೆತ ಎಲೆಯ ಗೊಬ್ಬರಕ್ಕೆ, ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುವುದೇ ಹೆಚ್ಚು. ಹರಿಯುವ ಹೊಳೆ ಅಣೆಕಟ್ಟಿನ ಹಿಂದೆ ನಿಧಾನವಾದಾಗ ಈ ನಯವಾದ ಮಣ್ಣು ತಳಕ್ಕಿಳಿಯುತ್ತದೆ. ತಳದಲ್ಲಿ ಪ್ರಾಣವಾಯು ಕಡಿಮೆಯಾದರೆ ತುಕ್ಕು ಕರಗಿ, ಹಿಡಿದಿಟ್ಟ ಲೋಹದ ಸ್ವಲ್ಪ ಭಾಗ ಮತ್ತೆ ನೀರಿಗೆ ಬರುವುದೂ ಉಂಟು.

ಈಗ ನಮ್ಮ ಲೆಕ್ಕ. ತಾಮ್ರವು ಕ್ಯಾಡ್ಮಿಯಂನಂಥ ವಿಷವಲ್ಲ. ಗಿಡಕ್ಕೆ ಅದು ಸ್ವಲ್ಪ ಬೇಕೇ ಬೇಕು. ಆದರೆ ಅದೂ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. 1 ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಎಕರೆಗೆ ಶೇಕಡಾ 1ರ ದ್ರಾವಣ 200 ಲೀಟರು ಹಿಡಿಯಿತೆನ್ನಿ. ಒಂದು ಸಲಕ್ಕೆ ಅರ್ಧ ಕಿಲೋ ತಾಮ್ರವಾಯಿತು. ವರ್ಷಕ್ಕೆ ಎರಡು ಸಲ ಹೊಡೆದರೆ 50 ವರ್ಷದಲ್ಲಿ 50 ಕಿಲೋ! ಯೂರೋಪಿನವರು 2019ರಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರವೆಂದು ಮಿತಿ ಕಟ್ಟಿದರು, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ. ಎರಡು ಸಲ ಹೊಡೆಯುವ ನಮ್ಮವರು ಆ ಮಿತಿಯ ಒಳಗೇ ಇದ್ದಾರೆ. ಮಳೆ ಬಿಡದ ವರ್ಷ ನಾಲ್ಕು ಸಲ ಹೊಡೆದವರು ಮೀರುತ್ತಾರೆ. ತೋಟದ ಮಣ್ಣು ಕೊಚ್ಚಿಹೋದರೆ ಅದರೊಡನೆ ತಾಮ್ರವೂ ಹೋಗುತ್ತದೆ. ಶರಾವತಿ ಕಣಿವೆಯದು ಲಿಂಗನಮಕ್ಕಿಗೆ, ಭದ್ರೆಯ ಮೇಲಿನ ಕಾಫಿ ತೋಟದ್ದು ಲಕ್ಕವಳ್ಳಿಗೆ, ಹೇಮಾವತಿಯದು ಗೊರೂರಿಗೆ.

ಔಷಧಿ ಬಿಡಿ ಎಂದು ನಾನು ಹೇಳುವುದಿಲ್ಲ. ಕೊಳೆ ಬಂದು ಉದುರಿದ ಕಾಯಿ ಹೆಕ್ಕಿದವರಿಗೆ ಹಾಗೆ ಹೇಳುವ ಧೈರ್ಯ ಯಾರಿಗಿದೆ? ಪೀಪಾಯಿ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಅದು ಮೀನಿಗೆ ಮೃತ್ಯು. ಹೊಳಪಿನ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಕೆಂಪು ಬಣ್ಣ ಹತ್ತಿದರೆ ಸುಣ್ಣ ಸೇರಿಸಿರಿ. ಕಪ್ಪಿನ ಕೊನೆಯಲ್ಲಿ ಗುಂಡಿ ತೋಡಿದರೆ ಮಣ್ಣು ಅಲ್ಲೇ ನಿಲ್ಲುತ್ತದೆ.

ಗೋಡು ಹೇರಿಸುವ ಮೊದಲು ಮಾತ್ರ ಪರೀಕ್ಷೆ ಮಾಡಿಸಿರಿ. ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ತಾಮ್ರ ಬೇರಿಗೆ ಬೇಗ ತಾಗುತ್ತದೆ. ಕೆರೆಯ ಎಂಟು ಹತ್ತು ಕಡೆಯಿಂದ ಮರದ ಚಮಚದಲ್ಲಿ ಗೋಡು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಣ್ಣು ಪರೀಕ್ಷಾಲಯಕ್ಕೆ ಕೊಡಿ. ರಸಸಾರದೊಂದಿಗೆ ತಾಮ್ರವನ್ನೂ ನೋಡಬೇಕೆಂದು ಚೀಟಿಯಲ್ಲಿ ಬರೆಯಲು ಮರೆಯದಿರಿ.